ಎಸ್‌ಡಬ್ಲ್ಯುಆರ್ 1.1 ಬಂದರೆ ಆಂಟೆನಾ ಚೆನ್ನಾಗಿದೆ ಅಂತಲೇ ಅರ್ಥವಾ?

(ಹ್ಯಾಮ್ ರೇಡಿಯೋ ಹವ್ಯಾಸಿಗಳ ಚರ್ಚೆ ಇದು. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ನಲವತ್ತು ಮೀಟರ್

ಎಲ್ಲರಿಗೂ ನಮಸ್ಕಾರ. ಲೈಸೆನ್ಸ್ ಬಂದ ಮೇಲೆ ನನ್ನ ಕೈಯಾರೆ ಕಟ್ಟಿದ ಮೊದಲ ಆಂಟೆನಾ ಇದು. 7.1 ಮೆಗಾಹರ್ಟ್ಸ್‌ಗೆ ಅಂತ ಮಾಡಿದ ತಂತಿಯ ಡೈಪೋಲ್, ಅಂದರೆ ನಡುವೆ ಕೇಬಲ್ ಸೇರಿ ಎರಡು ಕಡೆ ಕೈ ಚಾಚುವ ಆಂಟೆನಾ. ಒಟ್ಟು ಉದ್ದ 20.8 ಮೀಟರ್. ನಡುವಿನಿಂದ 20 ಮೀಟರ್ ಆರ್‌ಜಿ-58 ಕೇಬಲ್ ನೇರವಾಗಿ ನನ್ನ ರೇಡಿಯೋ ಸೆಟ್‌ಗೆ, ಅಂದರೆ ರಿಗ್‌ಗೆ ಬರುತ್ತದೆ. ಬಾಲನ್ (ಕೇಬಲ್ಲಿನ ಹೊರಮೈ ಮೇಲೆ ಕರೆಂಟ್ ಹರಿಯದಂತೆ ತಡೆಯುವ ಸಾಧನ) ಹಾಕಿಲ್ಲ.

ರಿಗ್ ಪಕ್ಕದ ಎಸ್‌ಡಬ್ಲ್ಯುಆರ್ (ಸ್ಟ್ಯಾಂಡಿಂಗ್ ವೇವ್ ರೇಷಿಯೋ, ಆಂಟೆನಾ ಕೇಬಲ್ಲಿಗೆ ಎಷ್ಟು ಹೊಂದಿದೆ ಅನ್ನುವ ಅಳತೆ; 1 ಅಂದರೆ ಪೂರ್ತಿ ಹೊಂದಿದೆ) ಮೀಟರ್ 7.1ರಲ್ಲಿ 2.8 ತೋರಿಸುತ್ತಿದೆ. ಸ್ನೇಹಿತರೊಬ್ಬರ ಬಳಿಯಿದ್ದ ಆಂಟೆನಾ ಅಳೆಯುವ ಸಣ್ಣ ಉಪಕರಣ ನ್ಯಾನೋವಿಎನ್‌ಎ ಹಾಕಿ ನೋಡಿದರೆ ಅತಿ ಕಡಿಮೆ ಬರುವುದು 6.85ರಲ್ಲಿ, ಅಲ್ಲಿ 1.4.

ನನ್ನ ಪ್ರಶ್ನೆಗಳು ಇವು. 2.8 ಅಂದರೆ ನೂರರಲ್ಲಿ 28 ವ್ಯಾಟ್ ಸುಮ್ನೆ ಹೋಗುತ್ತಿದೆ ಅಂತಲಾ? ಕೇಬಲ್ಲನ್ನು ಅದರ ಒಳಗಿನ ಲೆಕ್ಕದ ಅರ್ಧ ಅಲೆಯುದ್ದಕ್ಕೆ, ಅಂದರೆ 13.94 ಮೀಟರ್‌ಗೆ ಕತ್ತರಿಸಿದರೆ ಎಲ್ಲ ಸರಿಹೋಗುತ್ತೆ ಅಂತ ಒಬ್ಬರು ಹೇಳಿದರು. ಕತ್ತರಿಸುವ ಮೊದಲು ಪರೀಕ್ಷೆಗೆ ಅಂತ ಒಂದು ಸಣ್ಣ ತುಂಡು ಕೇಬಲ್ ಸೇರಿಸಿ ನೋಡಿದೆ. 2.8 ಇದ್ದದ್ದು 2.1ಕ್ಕೆ ಇಳಿಯಿತು! ಹಾಗಾದರೆ ಕೇಬಲ್ ಉದ್ದ ಮುಖ್ಯ ಅಂತಾಯ್ತಲ್ಲ? ಕೊನೆಗೆ 1.1 ಬರುವ ತನಕ ಬಿಡಬಾರದಾ?

ಫೀಡ್‌ಲೈನ್

ಕೇಬಲ್ ಕತ್ತರಿಸಬೇಡಿ. ಕತ್ತರಿ ಕೆಳಗಿಟ್ಟು ಇದನ್ನು ಓದಿ.

ಮೊದಲು ಲೆಕ್ಕ. ಎಸ್‌ಡಬ್ಲ್ಯುಆರ್ ಸಂಖ್ಯೆ ನೇರವಾಗಿ ಶೇಕಡಾವಾರು ಅಲ್ಲ. ಅದರಿಂದ 1 ಕಳೆಯಿರಿ, ಅದಕ್ಕೆ 1 ಕೂಡಿಸಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಬಂದದ್ದನ್ನು ಅದರಿಂದಲೇ ಗುಣಿಸಿ. ಅಷ್ಟು ಪಾಲು ಶಕ್ತಿ ವಾಪಸ್ ತಿರುಗುತ್ತದೆ. 1.5ಕ್ಕೆ ಶೇ. 4, 2ಕ್ಕೆ ಶೇ. 11, 3ಕ್ಕೆ ಶೇ. 25. ನಿಮ್ಮ 2.8ಕ್ಕೆ ಸುಮಾರು ಶೇ. 22.

ಆದರೆ ವಾಪಸ್ ತಿರುಗಿದ್ದೆಲ್ಲ ನಷ್ಟವಾಯಿತು ಅಂತಲ್ಲ. ಎಡವುವುದು ಇಲ್ಲೇ. ನಿಮ್ಮ ಕೇಬಲ್ 50 ಓಮ್‌ನದು. ಅದರ ತುದಿಯಲ್ಲಿ ಆಂಟೆನಾ 50 ಓಮ್ ಆಗಿರದಿದ್ದರೆ ಒಂದಷ್ಟು ಅಲೆ ಹಿಂದಕ್ಕೆ ಬರುತ್ತದೆ. ಹೋಗುವ ಅಲೆ, ಬರುವ ಅಲೆ ಕೆಲವು ಜಾಗದಲ್ಲಿ ಕೂಡುತ್ತವೆ, ಕೆಲವು ಜಾಗದಲ್ಲಿ ಕಳೆಯುತ್ತವೆ. ಹೀಗಾಗಿ ಕೇಬಲ್ ಉದ್ದಕ್ಕೂ ವೋಲ್ಟೇಜ್ ಒಂದೇ ಸಮ ಇರುವುದಿಲ್ಲ. ಅತಿ ಹೆಚ್ಚಿನ ವೋಲ್ಟೇಜನ್ನು ಅತಿ ಕಡಿಮೆಯದರಿಂದ ಭಾಗಿಸಿದರೆ ಸಿಗುವುದೇ ಎಸ್‌ಡಬ್ಲ್ಯುಆರ್. 1888ರ ಸುಮಾರಿಗೆ ಅರ್ನ್ಸ್ಟ್ ಲೆಕರ್ ಎರಡು ಸಮಾನಾಂತರ ತಂತಿಗಳ ಮೇಲೆ ಅಡ್ಡ ತಂತಿ ಸರಿಸುತ್ತಾ ಈ ಏರಿಳಿತದ ಜಾಗಗಳನ್ನು ಹುಡುಕಿ ಅಲೆಯುದ್ದ ಅಳೆದಿದ್ದರು. ನಮ್ಮ ಮೀಟರ್ ತಂತಿ ಉದ್ದಕ್ಕೂ ಓಡಾಡುವುದಿಲ್ಲ. ಕೂತ ಜಾಗದಲ್ಲೇ ಹೋಗುವ ಅಲೆ ಮತ್ತು ಬರುವ ಅಲೆಯನ್ನು ಬೇರ್ಪಡಿಸಿ ಲೆಕ್ಕ ಹಾಕುತ್ತದೆ.

ವಾಪಸ್ ಬಂದ ಅಲೆ ಟ್ಯೂನರ್ (ರಿಗ್‌ಗೆ 50 ಓಮ್ ಕಾಣುವಂತೆ ಹೊಂದಿಸುವ ಪೆಟ್ಟಿಗೆ) ಹತ್ತಿರ ಬಂದು ಮತ್ತೆ ಆಂಟೆನಾ ಕಡೆ ತಿರುಗುತ್ತದೆ. ಹೀಗೆ ಓಡಾಡುವಾಗ ಕೇಬಲ್ ಬಿಸಿಯಾಗಿ ತಿನ್ನುವಷ್ಟೇ ನಿಜವಾದ ನಷ್ಟ. 7 ಮೆಗಾಹರ್ಟ್ಸ್‌ನಲ್ಲಿ 20 ಮೀಟರ್ ಆರ್‌ಜಿ-58 ಹೇಗಿದ್ದರೂ ಸುಮಾರು 0.8 ಡಿಬಿ (ಡೆಸಿಬೆಲ್) ತಿನ್ನುತ್ತದೆ. ಈ ಎಸ್‌ಡಬ್ಲ್ಯುಆರ್‌ನಿಂದಾಗಿ ಅದು 1.4 ಡಿಬಿ ಆಗುತ್ತದೆ. ಅಂದರೆ ಜಾಸ್ತಿ ಆದದ್ದು 0.6 ಡಿಬಿ. ಸಿಗ್ನಲ್ ಬಲ ಅಳೆಯುವ ಒಂದು ಎಸ್ ಯೂನಿಟ್ ಅಂದರೆ 6 ಡಿಬಿ. ಅದರ ಹತ್ತನೇ ಒಂದು ಭಾಗ ಇದು. ಆ ಕಡೆ ಕೇಳುತ್ತಿರುವವರ ಕಿವಿಗೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ಎರಡು ಮೀಟರ್

ಲೆಕ್ಕ ಸರಿ ಇದೆ, ಆದರೆ ಒಂದು ಅನುಮಾನ. ವಾಪಸ್ ಬಂದ ಶಕ್ತಿ ರಿಗ್‌ನ ಕೊನೆಯ ಹಂತದ ಫೈನಲ್ ಟ್ರಾನ್ಸಿಸ್ಟರ್‌ಗೆ ಹೋಗಿ ಬಿಸಿಯಾಗುತ್ತದೆ ಅಂತ ಓದಿದ್ದೇನೆ. ಎಸ್‌ಡಬ್ಲ್ಯುಆರ್ 3 ಇದ್ದರೆ 25 ವ್ಯಾಟ್ ಶಾಖ ಅಲ್ಲೇ ಕೂರಬೇಕಲ್ಲವೇ?

ಫೀಡ್‌ಲೈನ್

ಹಾಗಲ್ಲ. ರಿಗ್‌ಗೆ ಬಂದ ಅಲೆ, ಹೋದ ಅಲೆ ಅಂತ ಬೇರೆ ಬೇರೆ ಕಾಣುವುದಿಲ್ಲ. ಅದಕ್ಕೆ ಕಾಣುವುದು ಒಂದು ಲೋಡ್ ಮಾತ್ರ. ಎಸ್‌ಡಬ್ಲ್ಯುಆರ್ 2 ಅಂದಾಗ ಆ ಲೋಡ್ 100 ಓಮ್ ಇರಬಹುದು, 25 ಓಮ್ ಇರಬಹುದು, ಅಥವಾ ರಿಯಾಕ್ಟೆನ್ಸ್ (ಕಾಯಿಲ್, ಕೆಪಾಸಿಟರ್ ಒಡ್ಡುವಂಥ ತಡೆ) ಸೇರಿದ ಬೇರೇನೋ ಇರಬಹುದು. ಒಂದು ಕಡೆ ಫೈನಲ್‌ನಲ್ಲಿ ಕರೆಂಟ್ ಜಾಸ್ತಿ, ಇನ್ನೊಂದು ಕಡೆ ವೋಲ್ಟೇಜ್ ಜಾಸ್ತಿ. ಅದೇ ಎಸ್‌ಡಬ್ಲ್ಯುಆರ್‌ನಲ್ಲಿ ಒಬ್ಬರ ರಿಗ್ ತಣ್ಣಗಿರುತ್ತೆ, ಇನ್ನೊಬ್ಬರದು ಬಿಸಿಯಾಗುತ್ತೆ. ಅದಕ್ಕೇ ಈಗಿನ ರಿಗ್‌ಗಳು ಎಸ್‌ಡಬ್ಲ್ಯುಆರ್ 2ರ ಆಸುಪಾಸಿನಿಂದ ತಾವೇ ಪವರ್ ಇಳಿಸಿಕೊಳ್ಳುತ್ತವೆ. ರಿಗ್ ಕಾಪಾಡಿಕೊಳ್ಳಲು ಮ್ಯಾಚ್ ಬೇಕು, ಒಪ್ಪುತ್ತೇನೆ. ಆದರೆ 25 ವ್ಯಾಟ್ ಅಲ್ಲೇ ಉರಿಯುತ್ತದೆ ಅನ್ನುವುದು ಸರಿಯಲ್ಲ.

ನಿಮ್ಮ ಬಳಿ ಟ್ಯೂನರ್ ಇದ್ದರೆ ಪವರ್ ಮೀಟರನ್ನು ಟ್ಯೂನರ್ ಮತ್ತು ಆಂಟೆನಾ ನಡುವೆ ಹಾಕಿ ನೋಡಿ. ರಿಗ್ ಕೊಡುತ್ತಿರುವುದು 100 ವ್ಯಾಟ್. ಟ್ಯೂನರ್‌ನಲ್ಲಿ ನಷ್ಟ ಇಲ್ಲ ಅಂದುಕೊಳ್ಳೋಣ. ಮೀಟರ್ ಇರುವ ಜಾಗದಲ್ಲಿ ಎಸ್‌ಡಬ್ಲ್ಯುಆರ್ 3. ಮೀಟರ್ ಮುಂದಕ್ಕೆ 133, ಹಿಂದಕ್ಕೆ 33 ತೋರಿಸುತ್ತದೆ. ಕಳೆದರೆ ಸರಿಯಾಗಿ 100. ರಿಗ್ ಕೊಡದ 33 ವ್ಯಾಟ್ ಮುಂದಕ್ಕೆ ಹೋಗುತ್ತಿರುವುದು ಎಲ್ಲಿಂದ? ವಾಪಸ್ ಬಂದದ್ದೇ ತಿರುಗಿ ಹೋಗುತ್ತಿದೆ. ಇದನ್ನು ಒಮ್ಮೆ ಕಣ್ಣಾರೆ ನೋಡಿದರೆ ಆಮೇಲೆ ಯಾರೂ ವಾಪಸ್ ಬಂದ ಶಕ್ತಿ ಪೋಲಾಯಿತು ಅನ್ನುವುದಿಲ್ಲ.

ಡಮ್ಮಿ ಲೋಡ್

ಶೀರ್ಷಿಕೆಯ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಇಲ್ಲ, ಆ ಅರ್ಥ ಬರುವುದಿಲ್ಲ. ಆಂಟೆನಾ ಬದಲು ಡಮ್ಮಿ ಲೋಡ್, ಅಂದರೆ ಬರೀ 50 ಓಮ್ ರೆಸಿಸ್ಟರ್, ಜೋಡಿಸಿ. ಎಸ್‌ಡಬ್ಲ್ಯುಆರ್ 1.0. ಎಲ್ಲ ಬ್ಯಾಂಡ್‌ನಲ್ಲೂ 1.0. ಅದರಿಂದ ಒಬ್ಬರನ್ನೂ ಕರೆಯಲು ಆಗುವುದಿಲ್ಲ, ಯಾಕೆಂದರೆ ಅಷ್ಟೂ ಶಕ್ತಿ ಶಾಖವಾಗುತ್ತದೆ.

ಎಸ್‌ಡಬ್ಲ್ಯುಆರ್ ಹೇಳುವುದು ಒಂದೇ ಮಾತು: ಮೀಟರ್ ಇರುವ ಜಾಗದಿಂದ ಮುಂದೆ ನೋಡಿದರೆ ಲೋಡ್ 50 ಓಮ್‌ಗೆ ಎಷ್ಟು ಹತ್ತಿರ ಇದೆ. ಆ 50 ಓಮ್ ಒಳಗೆ ಎಷ್ಟು ಪಾಲು ಗಾಳಿಗೆ ಹೋಗುತ್ತೆ, ಎಷ್ಟು ಪಾಲು ಬಿಸಿಯಾಗುತ್ತೆ ಅಂತ ಅದಕ್ಕೆ ಗೊತ್ತಿಲ್ಲ.

ವರ್ಟಿಕಲ್ ಪ್ರಿಯೆ

ಡಮ್ಮಿ ಲೋಡ್ ಹೇಳಿದ್ದು ವರ್ಟಿಕಲ್ (ನೆಟ್ಟಗೆ ನಿಲ್ಲುವ ಆಂಟೆನಾ) ಕಟ್ಟುವವರಿಗೆ ತುಂಬಾ ಮುಖ್ಯ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಕಾಲು ಅಲೆಯುದ್ದದ ವರ್ಟಿಕಲ್‌ಗೆ ಒಳ್ಳೆಯ ನೆಲ ಸಿಕ್ಕರೆ ಕೇಬಲ್ ಸೇರುವ ಜಾಗದಲ್ಲಿ, ಅಂದರೆ ಫೀಡ್ ಪಾಯಿಂಟ್‌ನಲ್ಲಿ ಸುಮಾರು 36 ಓಮ್ ಬರುತ್ತದೆ. 50ನ್ನು 36ರಿಂದ ಭಾಗಿಸಿದರೆ 1.39. ಅಂದರೆ ನಷ್ಟವೇ ಇಲ್ಲದ ವರ್ಟಿಕಲ್ ಕೊಡುವ ಎಸ್‌ಡಬ್ಲ್ಯುಆರ್ 1.4ರ ಹತ್ತಿರ!

ಈಗ ಬುಡದ ಸುತ್ತ ನೆಲದಲ್ಲಿ ಹರಡುವ ರೇಡಿಯಲ್ ತಂತಿಗಳನ್ನು ಬೆರಳೆಣಿಕೆಯಷ್ಟೇ ಹಾಕಿದ್ದೀರಿ ಅಂದುಕೊಳ್ಳಿ. ನೆಲದ ನಷ್ಟ 14 ಓಮ್ ಇದೆ. 36ಕ್ಕೆ 14 ಸೇರಿಸಿದರೆ 50. ಮೀಟರ್ 1.0 ತೋರಿಸುತ್ತದೆ, ನಮಗೆ ಖುಷಿ. ಆದರೆ 50ರಲ್ಲಿ 36 ಪಾಲು ಮಾತ್ರ ಹೊರಗೆ ಹೋಗುತ್ತಿದೆ, ಅಂದರೆ ಶೇ. 72. ಉಳಿದ ಶೇ. 28 ಮಣ್ಣನ್ನು ಬಿಸಿ ಮಾಡುತ್ತಿದೆ. ಇನ್ನಷ್ಟು ರೇಡಿಯಲ್ ಹಾಕಿ ನಷ್ಟವನ್ನು 4 ಓಮ್‌ಗೆ ಇಳಿಸಿದಿರಿ ಅನ್ನಿ. ಒಟ್ಟು 40 ಓಮ್, ಎಸ್‌ಡಬ್ಲ್ಯುಆರ್ 1.25. ಮೀಟರ್ ಪ್ರಕಾರ ಕೆಟ್ಟಿದೆ. ನಿಜದಲ್ಲಿ ಶೇ. 90 ಹೊರಗೆ ಹೋಗುತ್ತಿದೆ. ರೇಡಿಯಲ್ ಹಾಕುತ್ತಾ ಹೋದಾಗ ಎಸ್‌ಡಬ್ಲ್ಯುಆರ್ ಏರಿತು ಅಂತ ಕೆಲಸ ನಿಲ್ಲಿಸಿದವರನ್ನು, ಹಾಕಿದ್ದನ್ನೂ ಕಿತ್ತವರನ್ನು ನಾನು ನೋಡಿದ್ದೇನೆ. ಬೇಸರವಾಗುತ್ತೆ. ಅಷ್ಟು ಬೆವರು ಸುರಿಸಿ, ಸರಿ ದಾರಿಯಲ್ಲಿ ಇದ್ದಾಗಲೇ ವಾಪಸ್ ತಿರುಗಿದ್ದು ಅದು.

ಕಾರಿನ ಮೇಲೆ ಹಾಕುವ ಗಿಡ್ಡ ವಿಪ್‌ನಲ್ಲಿ ಇದು ಇನ್ನೂ ಜೋರು. 7 ಮೆಗಾಹರ್ಟ್ಸ್‌ನಲ್ಲಿ ಅದರ ರೇಡಿಯೇಷನ್ ರೆಸಿಸ್ಟೆನ್ಸ್ (ಗಾಳಿಗೆ ಹೋಗುವ ಪಾಲಿನ ಓಮ್) ಕೆಲವೇ ಓಮ್. ಮ್ಯಾಚಿಂಗ್ ಏನೂ ಇಲ್ಲದೆ ಸುಲಭವಾಗಿ 1.1 ಬಂದರೆ ಉಳಿದ ಓಮ್‌ಗಳೆಲ್ಲ ಕಾಯಿಲ್ ಮತ್ತು ನೆಲದ ನಷ್ಟ ಅಂತ ತಿಳಿಯಬೇಕು.

ನಲವತ್ತು ಮೀಟರ್

ಇದು ಓದಿದ ಮೇಲೆ 1.1ರ ಆಸೆ ಬಿಟ್ಟೆ. ಆದರೆ ಕೇಬಲ್ ಸೇರಿಸಿದಾಗ 2.8 ಇದ್ದದ್ದು 2.1 ಆಗಿದ್ದು ಯಾಕೆ? ಅದನ್ನು ಯಾರೂ ಹೇಳಲಿಲ್ಲ.

ಫೀಡ್‌ಲೈನ್

ಈ ಚರ್ಚೆಯಲ್ಲಿ ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು.

50 ಓಮ್ ಕೇಬಲ್‌ನಲ್ಲಿ ಉದ್ದ ಬದಲಾದರೆ ರಿಗ್‌ಗೆ ಕಾಣುವ ಇಂಪೀಡೆನ್ಸ್ (ಲೋಡ್ ಒಡ್ಡುವ ಒಟ್ಟು ತಡೆ) ಬದಲಾಗುತ್ತದೆ, ಎಸ್‌ಡಬ್ಲ್ಯುಆರ್ ಬದಲಾಗಬಾರದು. ಅರ್ಧ ಅಲೆಯುದ್ದದ ಕೇಬಲ್ ಆಂಟೆನಾದ ಇಂಪೀಡೆನ್ಸನ್ನೇ ಹಾಗೇ ಈ ತುದಿಗೆ ತಂದು ತೋರಿಸುತ್ತದೆ. ಅದು ಅಳತೆಗೆ ಅನುಕೂಲ, ಆದರೆ ಮ್ಯಾಚ್ ಏನೂ ಸುಧಾರಿಸುವುದಿಲ್ಲ. ಉದ್ದ ಜಾಸ್ತಿಯಾದಂತೆ ಕೇಬಲ್ ನಷ್ಟದಿಂದ ಮೀಟರ್ ಸ್ವಲ್ಪ ಇಳಿಯಬಹುದು. ಸಣ್ಣ ತುಂಡಿಗೆ 2.8ರಿಂದ 2.1 ಅಂದರೆ ಅದು ನಷ್ಟ ಅಲ್ಲ.

ನಿಮ್ಮಲ್ಲಿ ಬಾಲನ್ ಇಲ್ಲ. ಡೈಪೋಲ್‌ನ ಒಂದು ಕೈ ಕೇಬಲ್ಲಿನ ಜಾಲರಿಗೆ ಸೇರಿದೆ. ಜಾಲರಿಯ ಒಳಮೈ ಕೇಬಲ್ ಕೆಲಸ ಮಾಡುತ್ತದೆ. ಹೊರಮೈ ಮಾತ್ರ ಬೇರೆಯದೇ ಒಂದು ತಂತಿ ಇದ್ದ ಹಾಗೆ. ಫೀಡ್ ಪಾಯಿಂಟ್‌ನಿಂದ ಕರೆಂಟ್ ಆ ಹೊರಮೈ ಮೇಲೂ ಹರಿದು ಕೆಳಗೆ ಬರುತ್ತದೆ. ಅಂದರೆ ನಿಮ್ಮ ಆಂಟೆನಾಗೆ ಈಗ ಮೂರು ಕೈ. ಮೂರನೆಯದು ಕೇಬಲ್. ಕೇಬಲ್ ಉದ್ದ ಬದಲಿಸಿದಾಗ ನೀವು ಬದಲಿಸಿದ್ದು ಆಂಟೆನಾವನ್ನೇ.

ಪರೀಕ್ಷೆ ಮಾಡಿ. ಕಡಿಮೆ ಪವರ್‌ನಲ್ಲಿ ಅಥವಾ ವಿಎನ್‌ಎ ಹಾಕಿಕೊಂಡು ಕೇಬಲ್ಲಿನ ಹೊರಮೈಯನ್ನು ಕೈಯಲ್ಲಿ ಹಿಡಿಯಿರಿ, ಸರಿಸಿ, ಸುತ್ತಿ ನೋಡಿ. ಮೀಟರ್ ಅಲುಗಾಡಿದರೆ ಹೊರಮೈಯಲ್ಲಿ ಕರೆಂಟ್ ಇದೆ. ಮೈಕ್ ಮುಟ್ಟಿದಾಗ ಚುರುಕ್ ಅನ್ನುವುದು, ಹತ್ತಿರದ ಸ್ಪೀಕರ್‌ನಲ್ಲಿ ನಿಮ್ಮ ದನಿ ಕೇಳುವುದು, ಎಲ್ಲದರ ಹಿಂದೆ ಇದೇ ಇರಬಹುದು.

ಮದ್ದು ಸುಲಭ. ಫೀಡ್ ಪಾಯಿಂಟ್‌ನಲ್ಲೇ ಒಂದು ಚೋಕ್ ಹಾಕಿ, ಬಾಲನ್ ಕೆಲಸವನ್ನು ಅದೇ ಮಾಡುತ್ತದೆ. 31 ಮಿಕ್ಸ್‌ನ 2.4 ಇಂಚು ಫೆರೈಟ್ ಉಂಗುರದ ಮೇಲೆ ಇದೇ ಕೇಬಲ್ಲನ್ನು 10ರಿಂದ 12 ಸುತ್ತು ಸುತ್ತಿದರೆ 7 ಮೆಗಾಹರ್ಟ್ಸ್‌ನಲ್ಲಿ ಹೊರಮೈ ಕರೆಂಟಿಗೆ ಕೆಲವು ಸಾವಿರ ಓಮ್ ಅಡ್ಡ ಬರುತ್ತದೆ. ಒಳಗಿನ ಸಿಗ್ನಲ್‌ಗೆ ಅದರ ಅರಿವೇ ಇರುವುದಿಲ್ಲ. ಅದಾದ ಮೇಲೆಯೇ ತಂತಿಯ ಉದ್ದ ಮುಟ್ಟಿ. ಈಗಿನ 6.85 ಅನ್ನುವ ಅಂಕಿಯನ್ನೇ ಪೂರ್ತಿ ನಂಬಲು ಆಗುವುದಿಲ್ಲ.

ಸೈಡ್‌ಟೋನ್

ಚೋಕ್ ಹಾಕಿದ ಮೇಲೂ ಅತಿ ಕಡಿಮೆ ಜಾಗ 7.1ಕ್ಕಿಂತ ಕೆಳಗೇ ಇದ್ದರೆ ತಂತಿ ಉದ್ದವಾಗಿದೆ ಅಂತ ಅರ್ಥ. ಮೇಲೆ ಇದ್ದರೆ ಗಿಡ್ಡ. ಈಗಿನ ಉದ್ದವನ್ನು ಸಿಕ್ಕ ಫ್ರೀಕ್ವೆನ್ಸಿಯಿಂದ ಗುಣಿಸಿ 7.1ರಿಂದ ಭಾಗಿಸಿ. ಆ ಉದ್ದ ಬೇಕು. ಕತ್ತರಿಸುವ ಬದಲು ತುದಿಯನ್ನು ಹಿಂದಕ್ಕೆ ಮಡಚಿ ತಂತಿಗೇ ಬಿಗಿಯಾಗಿ ಸುತ್ತಿ. ಎರಡೂ ಕಡೆ ಸಮ.

143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸುವ ಸೂತ್ರ ಶುರು ಮಾಡಲು ಮಾತ್ರ. ಎತ್ತರ, ತಂತಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆ, ಹತ್ತಿರದ ಲೋಹ ಎಲ್ಲವೂ ಅದನ್ನು ಸರಿಸುತ್ತವೆ. ಮತ್ತೆ, ದಯವಿಟ್ಟು, ತಂತಿ ಇಳಿಸಿ ಏರಿಸುವಾಗ ಕರೆಂಟ್ ಲೈನ್ ಎಲ್ಲಿದೆ ಅಂತ ಪ್ರತಿ ಸಲವೂ ನೋಡಿ.

ಎರಡು ಮೀಟರ್

ಕಡಿಮೆ ಎಸ್‌ಡಬ್ಲ್ಯುಆರ್ ಹೇಗೆ ದಾರಿ ತಪ್ಪಿಸುತ್ತೆ ಅನ್ನುವುದಕ್ಕೆ 144 ಮೆಗಾಹರ್ಟ್ಸ್ ಕಡೆಯ ಒಂದು ಉದಾಹರಣೆ. ನನ್ನ ಪರಿಚಯದ ಒಬ್ಬರ ಸ್ಟೇಷನ್‌ನಲ್ಲಿ ಎಸ್‌ಡಬ್ಲ್ಯುಆರ್ ವರ್ಷದಿಂದ ವರ್ಷಕ್ಕೆ ಚೆನ್ನಾಗುತ್ತಾ ಬಂತು. ಸಿಗ್ನಲ್ ಮರುಪ್ರಸಾರ ಮಾಡುವ ರಿಪೀಟರನ್ನು ಮುಟ್ಟುವುದು ಮಾತ್ರ ಕಷ್ಟವಾಗುತ್ತಾ ಹೋಯಿತು. ಮೇಲಿನ ಕನೆಕ್ಟರ್‌ನಿಂದ ಕೇಬಲ್ ಒಳಗೆ ನೀರು ಇಳಿದಿತ್ತು. ಜಾಲರಿ ಕಪ್ಪಾಗಿ ನಷ್ಟ ಏರಿತ್ತು. ಹೋಗುವ ಅಲೆಯೂ ದಾರಿಯಲ್ಲಿ ಸವೆಯಿತು, ವಾಪಸ್ ಬರುವುದೂ ಸವೆಯಿತು. ಮೀಟರ್‌ಗೆ ತಲುಪಿದ್ದು ಅಷ್ಟಿಷ್ಟೇ, ಅದಕ್ಕೇ ಚಂದದ ಅಂಕಿ.

ಒಳ್ಳೆಯ ಕೇಬಲ್‌ನಲ್ಲೂ ಇದು ಇದೆ. 144ರಲ್ಲಿ ಆರ್‌ಜಿ-58 ನೂರು ಮೀಟರ್‌ಗೆ ಸುಮಾರು 20 ಡಿಬಿ ತಿನ್ನುತ್ತದೆ. 15 ಮೀಟರ್ ಕೇಬಲ್ ಹಾಕಿ, ಮೇಲೆ ಆಂಟೆನಾ ಕಳಚಿ ಬಿದ್ದಿದೆ ಅಂದುಕೊಳ್ಳಿ. ಆ ತುದಿಯಲ್ಲಿ ಎಸ್‌ಡಬ್ಲ್ಯುಆರ್ ಅನಂತ. ರಿಗ್ ಹತ್ತಿರ ಬರುವುದು 3. 30 ಮೀಟರ್ ಇದ್ದರೆ 1.7! ಆಂಟೆನಾವೇ ಇಲ್ಲ, ಮೀಟರ್ 1.7 ಅನ್ನುತ್ತಿದೆ.

ವರ್ಟಿಕಲ್ ಪ್ರಿಯೆ

ಇದನ್ನೇ ತಿರುಗಿಸಿ ಕೇಬಲ್ ಪರೀಕ್ಷೆಗೆ ಬಳಸಬಹುದು. ಮೇಲಿನ ತುದಿ ಕಳಚಿ ಶಾರ್ಟ್ ಮಾಡಿ. ಕೆಳಗಿನಿಂದ ವಿಎನ್‌ಎಯಲ್ಲಿ ರಿಟರ್ನ್ ಲಾಸ್ (ಕಳಿಸಿದ ಅಲೆಗಿಂತ ವಾಪಸ್ ಬಂದದ್ದು ಎಷ್ಟು ಡಿಬಿ ಕಡಿಮೆ ಅನ್ನುವುದು) ನೋಡಿ. ಅದರ ಅರ್ಧ ಕೇಬಲ್ಲಿನ ಒಂದು ದಾರಿಯ ನಷ್ಟ. ಹೊಸ ಕೇಬಲ್ ತಂದ ದಿನವೇ ಅಳೆದು ಬರೆದಿಟ್ಟುಕೊಂಡರೆ ಆಮೇಲೆ ಹೋಲಿಸಲು ಸುಲಭ. ಅಳೆಯುವ ಮೊದಲು ವಿಎನ್‌ಎಯನ್ನು ಓಪನ್, ಶಾರ್ಟ್, ಲೋಡ್ ಮೂರರಲ್ಲೂ ಕ್ಯಾಲಿಬ್ರೇಟ್ ಮಾಡಿಕೊಳ್ಳಿ.

ನಲವತ್ತು ಮೀಟರ್

ಕೆಲಸ ಆಯಿತು! ಚೋಕ್ ಹಾಕಿದೆ. ಈಗ ಕೇಬಲ್ ಹಿಡಿದರೂ, ತುಂಡು ಸೇರಿಸಿದರೂ ಅಂಕಿ ಅಲುಗಾಡುವುದಿಲ್ಲ. ಕಡಿಮೆ ಜಾಗ 6.88ಕ್ಕೆ ಬಂತು. ಸೂತ್ರದ ಪ್ರಕಾರ 20.15 ಮೀಟರ್ ಬೇಕಿತ್ತು. ಪ್ರತಿ ಕಡೆ ಸುಮಾರು 32 ಸೆಂಟಿಮೀಟರ್ ಮಡಚಿದೆ. ಈಗ 7.1ರಲ್ಲಿ 1.3. ಇದನ್ನು ಇನ್ನೂ ಇಳಿಸಬೇಕಾ?

ಇನ್ನೊಂದು. ಇದೇ ಡೈಪೋಲ್‌ನಲ್ಲಿ ಟ್ಯೂನರ್ ಹಾಕಿ 14 ಮತ್ತು 21 ಮೆಗಾಹರ್ಟ್ಸ್ ಬಳಸಬಹುದಾ? ಎಸ್‌ಡಬ್ಲ್ಯುಆರ್ ಜಾಸ್ತಿ ಇದ್ದರೂ ನಷ್ಟ ಅಲ್ಲ ಅಂತ ಹೇಳಿದಿರಲ್ಲ.

ಡಮ್ಮಿ ಲೋಡ್

1.3 ಸಾಕು, ಹಾಗೇ ಬಿಡಿ. ಆಕಾಶದಲ್ಲಿ ಒಂಟಿಯಾಗಿ ತೂಗುವ ಅರ್ಧ ಅಲೆಯ ಡೈಪೋಲ್‌ಗೇ ಸುಮಾರು 73 ಓಮ್, 50ರ ಕೇಬಲ್‌ಗೆ ಅದು 1.46.

ಫೀಡ್‌ಲೈನ್

ಎರಡನೆಯ ಪ್ರಶ್ನೆಗೆ ನಿಲ್ಲಿ. ನಾನು ಹೇಳಿದ್ದು ನಿಮ್ಮ 7 ಮೆಗಾಹರ್ಟ್ಸ್‌ನ 2.8ಕ್ಕೆ. ಎಸ್‌ಡಬ್ಲ್ಯುಆರ್ ಎಷ್ಟು ಮತ್ತು ಕೇಬಲ್ ನಷ್ಟ ಎಷ್ಟು, ಎರಡನ್ನೂ ಒಟ್ಟಿಗೆ ನೋಡಬೇಕು. ಒಂದೊಂದನ್ನೇ ನೋಡಿದರೆ ಪ್ರಯೋಜನ ಇಲ್ಲ.

21ರಲ್ಲಿ ಪರವಾಗಿಲ್ಲ. ಅಲ್ಲಿ ಡೈಪೋಲ್ ಮೂರು ಅರ್ಧ ಅಲೆಯಷ್ಟಾಗುತ್ತದೆ, ನಡುವೆ ಮತ್ತೆ ಕಡಿಮೆ ಇಂಪೀಡೆನ್ಸ್ ಬರುತ್ತದೆ. ರೆಸೊನೆನ್ಸ್ 7.1ರ ಸರಿಯಾಗಿ ಮೂರು ಪಟ್ಟಿಗಿಂತ ಸ್ವಲ್ಪ ಮೇಲೆ ಸಿಗುತ್ತದೆ. ಟ್ಯೂನರ್ ನಿಭಾಯಿಸುತ್ತದೆ.

14 ಬೇರೆ ಕಥೆ. ಅಲ್ಲಿ ಪ್ರತಿ ಕೈ ಅರ್ಧ ಅಲೆ. ನಡುವೆ ಇಂಪೀಡೆನ್ಸ್ ಸಾವಿರಾರು ಓಮ್‌ಗೆ ಏರುತ್ತದೆ. ಲೆಕ್ಕಕ್ಕೆ 3000 ಓಮ್ ಅಂತ ಇಟ್ಟುಕೊಳ್ಳಿ. ಆಂಟೆನಾ ತುದಿಯಲ್ಲಿ ಎಸ್‌ಡಬ್ಲ್ಯುಆರ್ 60. ನಿಮ್ಮ 20 ಮೀಟರ್ ಆರ್‌ಜಿ-58 ಮ್ಯಾಚ್ ಇದ್ದಾಗ ಅಲ್ಲಿ ತಿನ್ನುವುದು ಸುಮಾರು 1.1 ಡಿಬಿ ಅಷ್ಟೇ. ಆದರೆ 60ರ ಜೊತೆ ಅದು 9 ಡಿಬಿ ದಾಟುತ್ತದೆ. ಅಲೆ ಅಷ್ಟು ಸಲ ಆ ದಾರಿಯಲ್ಲೇ ಓಡಾಡುತ್ತದೆ, ಪ್ರತಿ ಸಲವೂ ಸವೆಯುತ್ತದೆ. ಕೆಳಗಿನ ಮೀಟರ್ ತೋರಿಸುವುದು 7. ಟ್ಯೂನರ್ ಅದನ್ನು 1.0 ಮಾಡಿ ಕೊಡುತ್ತದೆ. ರಿಗ್ 100 ವ್ಯಾಟ್ ಪೂರ್ತಿ ಕೊಡುತ್ತದೆ. ಆಂಟೆನಾಗೆ ಮುಟ್ಟುವುದು ಹತ್ತು ಹನ್ನೊಂದು ವ್ಯಾಟ್, ಉಳಿದದ್ದು ಕೇಬಲ್ ಮತ್ತು ಟ್ಯೂನರ್‌ನ ಶಾಖ. ರಿಗ್ ಬದಿಯ ಟ್ಯೂನರ್ ರಿಗ್‌ಗೆ ನೆಮ್ಮದಿ ಕೊಡುತ್ತೆ. ಅದರಾಚೆಗಿನ ಕೇಬಲ್‌ನಲ್ಲಿ ಎಸ್‌ಡಬ್ಲ್ಯುಆರ್ ಇದ್ದ ಹಾಗೇ ಇರುತ್ತದೆ.

ಕೇಬಲ್ ಬದಲು 600 ಓಮ್‌ನ ತೆರೆದ ತಂತಿ ಲೈನ್ ಹಾಕಿದರೆ ಅದೇ 3000 ಓಮ್‌ಗೆ ಎಸ್‌ಡಬ್ಲ್ಯುಆರ್ 5. ಆ ಲೈನಿನ ನಷ್ಟವೇ ತೀರಾ ಕಡಿಮೆ, ಹಾಗಾಗಿ ಆ 5 ಲೆಕ್ಕಕ್ಕೇ ಬರುವುದಿಲ್ಲ. ಹಲವು ಬ್ಯಾಂಡ್‌ಗೆ ಒಂದೇ ಡೈಪೋಲ್ ಬೇಕು ಅನ್ನುವವರಿಗೆ ನಾನು ಯಾವಾಗಲೂ ಇದನ್ನೇ ಹೇಳುವುದು. ಬ್ಯಾಲೆನ್ಸ್ಡ್ ಟ್ಯೂನರ್ ಬೇಕಾಗುತ್ತದೆ. ಲೈನನ್ನು ಗೋಡೆ, ಲೋಹದಿಂದ ದೂರ ಇಡಬೇಕು.

ನಲವತ್ತು ಮೀಟರ್

ಹಾಗಾದರೆ ಈ ಡೈಪೋಲ್ 7ಕ್ಕೆ ಮತ್ತು 21ಕ್ಕೆ ಇರಲಿ. 14ಕ್ಕೆ ಬೇರೆ ತಂತಿ, 143ನ್ನು 14.2ರಿಂದ ಭಾಗಿಸಿ 10.07 ಮೀಟರ್. ಅದೇ ಫೀಡ್ ಪಾಯಿಂಟ್‌ಗೆ, ಅದೇ ಚೋಕ್ ಕೆಳಗೆ ಸೇರಿಸಿದರೆ ಆಗುತ್ತಾ?

ಸೈಡ್‌ಟೋನ್

ಆಗುತ್ತೆ. ಫ್ಯಾನ್ ಡೈಪೋಲ್ ಅಂತಾರೆ. ತುದಿಗಳು ಒಂದಕ್ಕೊಂದು ದೂರ ಇರುವಂತೆ ಬೇರೆ ಬೇರೆ ಕೋನದಲ್ಲಿ ಎಳೆಯಿರಿ, ಹತ್ತಿರ ಬಂದಷ್ಟೂ ಒಂದು ಇನ್ನೊಂದನ್ನು ಸರಿಸುತ್ತದೆ. ಮೊದಲು 7 ಸರಿಮಾಡಿ, ಆಮೇಲೆ 14, ಮತ್ತೆ 7 ನೋಡಿ. 10.07ಕ್ಕೆ ಸರಿಯಾಗಿ ಕತ್ತರಿಸಬೇಡಿ, ಮಡಚಲು ಪ್ರತಿ ಕಡೆ ಒಂದು ಗೇಣು ಜಾಸ್ತಿ ಬಿಡಿ.